ಇಪ್ಪತ್ನಾಲ್ಕು ಪದಗಳ ಬೀಗದ ಕೈ

ಮೊನ್ನೆ ಭಾನುವಾರ ಯಲಹಂಕ ನ್ಯೂಟೌನಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಪೆನ್ ಡ್ರೈವ್ ತರಹದ್ದೊಂದನ್ನು ತೋರಿಸಿ "ಮಾಮ, ಇದರೊಳಗೆ ನನ್ನ ಬಿಟ್‌ಕಾಯಿನ್ ಇದೆ" ಅಂದ. ಕಳೆದುಹೋದ್ರೆ ಏನೋ ಮಾಡ್ತೀಯ ಅಂದೆ. "ಅದಕ್ಕೇ 24 ಪದ ಕೊಟ್ಟಿದೆ, ಫೋಟೋ ತೆಗೆದು ಫೋನಲ್ಲಿಟ್ಟಿದೀನಿ." ಅಷ್ಟೇ, ಊಟ ಆರುವವರೆಗೂ ಕೊರೆದೆ. ಅದನ್ನೇ ಇಲ್ಲೂ ಕೊರೀತಿದೀನಿ, ಸಹಿಸಿಕೊಳ್ಳಿ :)

ಆ ಡಬ್ಬಿಯೊಳಗೆ ಕಾಸು ಇರೋದಿಲ್ಲ. ಯಾರ ಹತ್ತಿರ ಎಷ್ಟಿದೆ ಅನ್ನೋ ಲೆಕ್ಕದ ಪುಸ್ತಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಡಬ್ಬಿಯಲ್ಲಿರೋದು ಒಂದು ಗುಟ್ಟಿನ ದೊಡ್ಡ ಸಂಖ್ಯೆ, ಖಾಸಗಿ ಕೀಲಿ. ಬಿಟ್‌ಕಾಯಿನ್ ಶುರುವಾದ 2009ರಲ್ಲಿ ಈ ಕೀಲಿ ಮಾಮೂಲಿ ಫೈಲಾಗಿ ಕಂಪ್ಯೂಟರಿನಲ್ಲೇ ಬಿದ್ದಿರುತ್ತಿತ್ತು. 2011ರ ಜೂನ್‌ನಲ್ಲಿ ಒಬ್ಬಾತ ತನ್ನ ವಿಂಡೋಸ್ ಕಂಪ್ಯೂಟರಿನಿಂದ 25,000 ಬಿಟ್‌ಕಾಯಿನ್ ಕಳುವಾಯಿತು ಅಂತ ಗೋಳಾಡಿದ. ಕೀಲಿಯನ್ನು ನೆಟ್‌ಗೆ ತಗುಲಿಕೊಂಡ ಯಂತ್ರದಿಂದ ಬೇರೆ ಮಾಡಬೇಕು ಅನ್ನೋದು ಇಂಥವುಗಳಿಂದಲೇ ಮನದಟ್ಟಾಯಿತು. ಪ್ರಾಗ್ ನಗರದ ಮಾರೆಕ್ ಪಲಾಟಿನುಸ್ ಮತ್ತು ಪಾವೊಲ್ ರುಸ್ನಾಕ್ ಮಾಡಿದ ಟ್ರೆಜರ್ 2014ರಲ್ಲಿ ಗಿರಾಕಿಗಳ ಕೈಸೇರಿತು. ಜೆಕ್ ಭಾಷೆಯಲ್ಲಿ ಅದರರ್ಥ ತಿಜೋರಿ. ಕಿವಿಗೂ ನಮ್ಮ ತಿಜೋರಿಯ ನೆಂಟನ ಹಾಗೇ ಕೇಳಿಸುತ್ತೆ ಅಲ್ವಾ?

ಅದರ ಚಮತ್ಕಾರ ಇಷ್ಟೇ. ಕಂಪ್ಯೂಟರು "ಇಷ್ಟು ಹಣ ಇವರಿಗೆ" ಅಂತ ಚೀಟಿ ಬರೆದು ಒಳಗೆ ಕಳಿಸುತ್ತೆ. ಡಬ್ಬಿ ಅದನ್ನು ತನ್ನ ಪುಟ್ಟ ಪರದೆಯ ಮೇಲೆ ತೋರಿಸುತ್ತೆ. ನೀವು ಓದಿ ಗುಂಡಿ ಒತ್ತಿದರೆ ಸಹಿ ಮಾಡಿ ಚೀಟಿಯನ್ನು ಹೊರಗೆ ಕೊಡುತ್ತೆ. ಸಹಿ ಹೊರಗೆ ಬರುತ್ತೆ, ಕೀಲಿ ಬರಲ್ಲ. ಪ್ಯಾರಿಸ್‌ನ ಲೆಡ್ಜರ್ ಕಂಪನಿಯವರು ಇದಕ್ಕೆ ಎಟಿಎಂ ಕಾರ್ಡಿನಲ್ಲಿರುವ ಜಾತಿಯ ಭದ್ರ ಚಿಪ್ ಹಾಕಿದರು. ಮೂರು ಸಲ ತಪ್ಪು ಪಿನ್ ಒತ್ತಿದರೆ ಎಲ್ಲ ಅಳಿಸಿಹೋಗುತ್ತೆ. ಆಗ ವಾಪಸ್ ತರೋದು ಆ 24 ಪದಗಳೇ. ಅಂದಮೇಲೆ ನಿಜವಾದ ಬೀಗದ ಕೈ ಯಾವುದು ಹೇಳಿ!

ನಮ್ಮ ಬೆಂಗಳೂರಿನ ಕತೆಯನ್ನೇ ನೋಡಿ. 2020ರ ನವೆಂಬರ್‌ನಲ್ಲಿ ಸಿಸಿಬಿ ಒಬ್ಬ ಯುವ ಹ್ಯಾಕರ್‌ನನ್ನು ಹಿಡಿಯಿತು. 2021ರ ಜನವರಿಯಲ್ಲಿ 9 ಕೋಟಿ ರೂಪಾಯಿಯ ಬಿಟ್‌ಕಾಯಿನ್ ಜಪ್ತಿ ಅಂತ ಸುದ್ದಿ. ಅದೇ ವರ್ಷದ ನವೆಂಬರ್‌ನಲ್ಲಿ ಪೊಲೀಸರೇ ಪ್ರಕಟಣೆ ಕೊಟ್ಟರು: ಆತ ತನ್ನದೆಂದು ತೋರಿಸಿದ್ದು ಒಂದು ಎಕ್ಸ್‌ಚೇಂಜಿನ ಖಾತೆ, ಅದರ ಖಾಸಗಿ ಕೀಲಿ ಆತನಲ್ಲಿ ಇರಲೇ ಇಲ್ಲ, ಹಾಗಾಗಿ ಅದನ್ನು ಮುಟ್ಟದೆ ಬಿಟ್ಟೆವು ಅಂತ. ರಾಜಕೀಯದವರು ಕಿತ್ತಾಡಿದ್ದು ಬೇರೆ ಪುರಾಣ, ಬಿಡಿ. ಚಿನ್ನವಾದರೆ ಪಂಚನಾಮೆ ಮಾಡಿ ಖಜಾನೆಗೆ ಹಾಕಬಹುದು. ಇಲ್ಲಿ ಪರದೆ ಮೇಲೆ ಅಂಕಿ ಕಂಡರೆ ಏನೂ ಸಿಕ್ಕಂತಲ್ಲ. ಡಬ್ಬಿಯನ್ನೇ ಸೀಲ್ ಮಾಡಿಟ್ಟರೂ, ಪದಗಳ ಇನ್ನೊಂದು ಪ್ರತಿ ಇದ್ದವನು ಇನ್ನೆಲ್ಲೋ ಕೂತು ಹಣ ಸಾಗಿಸಬಹುದು.

ಆ ಪದಗಳ ಬಗ್ಗೆ ನಮ್ಮಂಥ ಯುನಿಕೋಡ್ ಪಡ್ಡೆಗಳಿಗೊಂದು ಮಾತು. 2013ರ ಬಿಐಪಿ-39 ಅನ್ನೋ ಮಾನಕದ ಪ್ರಕಾರ 2048 ಪದಗಳ ಪಟ್ಟಿಯಿಂದ ಇವನ್ನು ಆರಿಸೋದು. ಇಂಗ್ಲಿಷ್ ಅಲ್ಲದೆ ಜಪಾನಿ, ಕೊರಿಯನ್, ಜೆಕ್ ಪಟ್ಟಿಗಳೂ ಇವೆ. ಕನ್ನಡದ್ದಿಲ್ಲ, ಭಾರತದ ಯಾವ ಭಾಷೆಯದ್ದೂ ಇಲ್ಲ. ಹೊಟ್ಟೆ ಉರೀತು. ಆಮೇಲೆ ನಮ್ಮ ಅರ್ಕಾವತ್ತು ನೆನಪಾಯಿತು! ರ್‍ಯಾಂಕ್ ಅಂತ ಬರೆಯೋಕೆ ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕಬೇಕಲ್ಲ, ಅದು ಬಿಟ್ಟುಹೋದರೆ ಯಂತ್ರಕ್ಕೆ ಅದು ಬೇರೆಯೇ ಪದ. ದುಡ್ಡು ಗೋವಿಂದ. ಆದರೂ ಇಂಥ ಪದಗಳನ್ನು ಬಿಟ್ಟು 2048 ಕನ್ನಡ ಪದ ಆರಿಸೋದು ಅಸಾಧ್ಯವೇನಲ್ಲ. ಯಾರಾದ್ರೂ ಕೈಹಾಕ್ತೀರಾ?

ಭಾಂಜನ ವಿಷಯಕ್ಕೆ ಬಂದರೆ, ಫೋಟೋ ಅಳಿಸಿದೆ ಅಂದ. ಅದಾಗಲೇ ಫೋನಿನ ಬ್ಯಾಕಪ್ಪಿಗೆ ಹೋಗಿರುತ್ತಲ್ಲ ಮಾರಾಯ! ಡಬ್ಬಿಯನ್ನು ಅಳಿಸಿ ಹೊಸ ಪದ ಹುಟ್ಟಿಸಿ, ಹಣವನ್ನೆಲ್ಲ ಹೊಸ ವಿಳಾಸಕ್ಕೆ ಸಾಗಿಸಿ, ಪದಗಳನ್ನು ಪೆನ್ನಿನಲ್ಲಿ ಕಾಗದದ ಮೇಲೆ ಬರೆಸೋ ಹೊತ್ತಿಗೆ ಸಂಜೆ ಆರು. ಒಂದು ಪ್ರತಿ ಆರ್.ಟಿ. ನಗರದ ಬ್ಯಾಂಕ್ ಲಾಕರಿಗೆ, ಅಕ್ಕನ ಬಳೆಗಳ ಪಕ್ಕಕ್ಕೆ. ಇನ್ನೊಂದನ್ನು ಅಕ್ಕ ಮನೆಯಲ್ಲೇ ಎಲ್ಲೋ ಇಟ್ಟಿದ್ದಾಳೆ. ಎಲ್ಲಿ ಅಂತ ನನಗೂ ಹೇಳಿಲ್ಲ.