ಔಟ್‌ಬೋರ್ಡ್ ಎಂಜಿನ್ ದುರಸ್ತಿ

ಔಟ್‌ಬೋರ್ಡ್ ಎಂಜಿನ್ ಎಂಬುದು ದೋಣಿಗೆ ಹೊರಗಿನಿಂದ ಬಿಗಿಯುವ ಯಂತ್ರ. ಮೇಲೆ ಎಂಜಿನ್, ನಡುವೆ ಉದ್ದನೆಯ ಕಾಲು, ನೀರಿನೊಳಗೆ ಗೇರ್ ಪೆಟ್ಟಿಗೆ ಮತ್ತು ಪ್ರೊಪೆಲ್ಲರ್ ಒಂದೇ ಘಟಕವಾಗಿರುವುದರಿಂದ ಕೆಟ್ಟಾಗ ಕಳಚಿ ದಡಕ್ಕೆ ತರಬಹುದು. ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮಾದರಿಯಿಂದ ಇದು ಜನಪ್ರಿಯವಾಯಿತು.

ಕರ್ನಾಟಕದಲ್ಲಿ ಬಳಕೆ

ರಾಜ್ಯದ ಕರಾವಳಿಯಲ್ಲಿ ಈ ಎಂಜಿನ್ನನ್ನು ಹೆಚ್ಚಾಗಿ ಬಳಸುವವರು ನಾಡದೋಣಿ ಮೀನುಗಾರರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಹೀಗಾಗಿ ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವ ದಿನಗಳಲ್ಲಿಯೇ ಅತಿ ಚಿಕ್ಕ ದೋಣಿಗಳು ಅಳಿವೆ ದಾಟಬೇಕಾಗುತ್ತದೆ. ಅಳಿವೆಯ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡವಾಗಿ ತಿರುಗಿ ಮಗುಚುತ್ತದೆ. ಸಣ್ಣಪುಟ್ಟ ದುರಸ್ತಿಯನ್ನು ದೋಣಿಯವರೇ ಕಲಿತಿರುವುದು ಆದ್ದರಿಂದಲೇ ಅವಶ್ಯಕ. ಒಳನಾಡಿನ ಜಲಾಶಯಗಳಲ್ಲಿ ಅಪಾಯದ ಬಗೆ ಬೇರೆ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆದ್ದು ಕಾಣುವ ಶೆಟ್ಟಿಹಳ್ಳಿ ಚರ್ಚಿನಂತೆ, ನೀರಡಿಯ ಗೋಡೆ, ಬಂಡೆ, ಮರದ ಬೊಡ್ಡೆಗಳು ಪ್ರೊಪೆಲ್ಲರಿಗೆ ಕಾಣದ ಶತ್ರುಗಳು.

ಪ್ರೊಪೆಲ್ಲರ್ ಮತ್ತು ಪಿನ್

ಸಣ್ಣ ಎಂಜಿನ್‌ಗಳಲ್ಲಿ ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡುವುದು ಒಂದು ಮೆದು ಲೋಹದ ಪಿನ್. ಪ್ರೊಪೆಲ್ಲರ್ ಬಂಡೆಗೆ ತಗುಲಿದಾಗ ಪಿನ್ ತುಂಡಾಗಿ ಗೇರುಗಳನ್ನು ಉಳಿಸುತ್ತದೆ. ಎಂಜಿನ್ ಜೋರಾಗಿ ತಿರುಗಿಯೂ ದೋಣಿ ಮುಂದಕ್ಕೆ ಹೋಗದಿದ್ದರೆ ಮೊದಲು ಇದನ್ನು ನೋಡಬೇಕು. ಪಿನ್ ಇಲ್ಲವೆಂದು ಉಕ್ಕಿನ ಮೊಳೆ ಹೊಡೆಯುವ ರೂಢಿ ತಪ್ಪು. ಮುಂದಿನ ಪೆಟ್ಟಿಗೆ ಮುರಿಯುವುದು ಗೇರು. ದೊಡ್ಡ ಎಂಜಿನ್‌ಗಳಲ್ಲಿ ಪಿನ್ನಿನ ಬದಲು ರಬ್ಬರ್ ತೋಳು ಇರುತ್ತದೆ. ಈ ಕೆಲಸಕ್ಕೆ ಮುನ್ನ ಎಂಜಿನ್ ನಿಲ್ಲಿಸಿ ಪ್ಲಗ್ ತಂತಿ ಕಳಚಿಡಬೇಕು. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಒಳಸೇರಿದೆ ಎಂದು ತಿಳಿಯಬೇಕು.

ತಂಪುನೀರಿನ ಪಂಪು

ಎಂಜಿನ್ ತಣಿಯುವುದು ಹೊರಗಿನ ನೀರಿನಿಂದ. ಚಲಿಸುವಾಗ ಪಕ್ಕದ ಸಣ್ಣ ರಂಧ್ರದಿಂದ ಚಿಮ್ಮುವ ನೀರು ನಿಂತರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಮರಳು ತುಂಬಿದ ಅಳಿವೆಯ ನೀರು ಪಂಪಿನೊಳಗಿನ ರಬ್ಬರ್ ಇಂಪೆಲ್ಲರನ್ನು ಸವೆಸುತ್ತದೆ. ನೀರಿಲ್ಲದೆ ಓಡಿಸಿದರೆ ಅದು ಸ್ವಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ಹೊಸದನ್ನು ಕೂರಿಸುವಾಗ ಅದರ ರೆಕ್ಕೆಗಳು ತಿರುಗುವ ದಿಕ್ಕಿಗೆ ತಕ್ಕಂತೆ ಬಾಗಿರಬೇಕು. ಹಳೆಯದರ ಮುರಿದ ಚೂರುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರುವುದನ್ನು ತೆಗೆಯದಿದ್ದರೆ ಶ್ರಮ ವ್ಯರ್ಥ.

ಚಾಲೂ ಆಗದಿದ್ದಾಗ

ಟ್ಯಾಂಕಿನ ಗಾಳಿಕಿಂಡಿ ಮುಚ್ಚಿರುವುದು ಆಗಾಗ ಕಾಣುವ ಸರಳ ಕಾರಣ. ನಂತರ ಇಂಧನದ ಕೊಳವೆ, ಫಿಲ್ಟರ್, ಕಾರ್ಬ್ಯುರೇಟರ್ ನೋಡಬೇಕು. ಸ್ಪಾರ್ಕ್ ಪ್ಲಗ್ ತೆಗೆದಾಗ ಒಣಗಿದ್ದರೆ ಇಂಧನ ಬರುತ್ತಿಲ್ಲ; ಒದ್ದೆಯಾಗಿದ್ದರೆ ಕಿಡಿಯ ದೋಷವಿರಬಹುದು ಅಥವಾ ಇಂಧನ ಹೆಚ್ಚಾಗಿರಬಹುದು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್‌ಗಳಲ್ಲಿ ಪ್ಲಗ್ ಬೇಗ ಮಸಿಗಟ್ಟುತ್ತದೆ. ಹೆಚ್ಚುವರಿ ಪ್ಲಗ್ ದೋಣಿಯಲ್ಲಿರಬೇಕು.

ನೀರಿನಲ್ಲಿ ಮುಳುಗಿದ ಎಂಜಿನ್

ಇಲ್ಲಿ ಹೊತ್ತು ಬಹುಮುಖ್ಯ. ಉಪ್ಪುನೀರಿನಲ್ಲಿ ಬಿದ್ದ ಎಂಜಿನ್ನನ್ನು ಮೇಲೆತ್ತಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ತಕ್ಷಣ ಬಿಚ್ಚಲಾಗದಿದ್ದರೆ ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದು ಮೇಲು. ಗಾಳಿಗೆ ಬಿಟ್ಟರೆ ಬೇರಿಂಗುಗಳು ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯತೊಡಗುತ್ತವೆ. ಪ್ಲಗ್‌ಗಳನ್ನು ತೆಗೆದು, ರಂಧ್ರಗಳು ಕೆಳಮುಖವಾಗಿರುವಂತೆ ಹಿಡಿದು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಹೊರಹಾಕಬೇಕು. ಚಕ್ರ ತಡೆದರೆ ಬಲ ಪ್ರಯೋಗಿಸಬಾರದು: ಓಡುತ್ತಿರುವಾಗಲೇ ಮುಳುಗಿದ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಅದು ವರ್ಕ್‌ಶಾಪಿನ ಕೆಲಸ. ಸಲೀಸಾಗಿ ತಿರುಗಿದರೆ ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಕಾರ್ಬ್ಯುರೇಟರ್ ಖಾಲಿ ಮಾಡಿ, ಹೊಸ ಇಂಧನ ತುಂಬಿ, ಪ್ರೊಪೆಲ್ಲರ್ ಕಳಚಿ, ಪಂಪಿನ ಮಟ್ಟ ಮೀರುವಷ್ಟು ನೀರಿರುವ ಪೀಪಾಯಿಯಲ್ಲಿ ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಸೀಳಿದ ಗೇರ್ ಪೆಟ್ಟಿಗೆಗೆ ಎಪಾಕ್ಸಿ ಹಚ್ಚುವುದು ದಡ ಮುಟ್ಟುವಷ್ಟಕ್ಕೆ ಮಾತ್ರ ಸಾಕು. ದುರಸ್ತಿಯಾದ ಎಂಜಿನ್ನನ್ನು ಮೊದಲು ಹೊಳೆಯ ಶಾಂತ ನೀರಿನಲ್ಲಿ, ಹುಟ್ಟು ಜೊತೆಗಿಟ್ಟುಕೊಂಡು ಓಡಿಸಿ ನೋಡಿದ ಬಳಿಕವೇ ಅಳಿವೆಯತ್ತ ಒಯ್ಯಬೇಕು.