ಮಧುಮೇಹದ ಔಷಧಗಳು ಮತ್ತು ಹೃದಯ: ಸಕ್ಕರೆಯ ಅಂಕಿಯಾಚೆಗೆ

ಎರಡನೇ ಬಗೆಯ ಮಧುಮೇಹಿಗಳ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಆದರೂ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬುದರ ಮೇಲೆಯೇ ಬಹುಕಾಲ ಔಷಧದ ಬೆಲೆ ಕಟ್ಟಲಾಯಿತು. ಸಕ್ಕರೆ ಇಳಿದರೆ ಹೃದಯ ತಾನಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು.

1970ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಜಂಟಿ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಿಸಿತು. ಟಾಲ್ಬ್ಯುಟಮೈಡ್ ಎಂಬ ಮಧುಮೇಹದ ಔಷಧ ಪಡೆದವರಲ್ಲಿ ಹೃದಯ ಸಂಬಂಧಿ ಸಾವುಗಳು ಹೆಚ್ಚಾಗಿ ಕಂಡವು. ಅಧ್ಯಯನದ ವಿನ್ಯಾಸದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನವು ತೂಕ ಹೆಚ್ಚಿದ್ದ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಹೃದಯಾಘಾತವನ್ನು ಶೇ. 39ರಷ್ಟು ತಗ್ಗಿಸಿತೆಂದು ತೋರಿಸಿತು. ಮೆಟ್‌ಫಾರ್ಮಿನ್ ಪಡೆದ ಗುಂಪಿನಲ್ಲಿದ್ದವರು 342 ಮಂದಿ ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ನಿಜವಾದ ತಿರುವು ಬಂದದ್ದು ರೋಸಿಗ್ಲಿಟಜೋನ್ ಎಂಬ ಮಧುಮೇಹದ ಔಷಧದಿಂದ. 2007ರಲ್ಲಿ ಸಂಶೋಧಕರಾದ ನಿಸೆನ್ ಮತ್ತು ವೋಲ್ಸ್ಕಿ 42 ಪ್ರಯೋಗಗಳನ್ನು ಒಟ್ಟುಗೂಡಿಸಿ, ಅದು ಹೃದಯಾಘಾತದ ಸಂಭವವನ್ನು ಶೇ. 43ರಷ್ಟು ಹೆಚ್ಚಿಸುತ್ತದೆಂದು ಲೆಕ್ಕ ಹಾಕಿದರು. ಮುಂದೆ ಅಮೆರಿಕ ಈ ಔಷಧದ ಮೇಲೆ ತಾನು ಹೇರಿದ್ದ ನಿರ್ಬಂಧಗಳನ್ನು ಸಡಿಲಿಸಿತಾದರೂ ಭಾರತ 2010ರಲ್ಲಿಯೇ ಅದನ್ನು ನಿಷೇಧಿಸಿತ್ತು. 2008ರಲ್ಲಿ 10,251 ರೋಗಿಗಳ ಅಕಾರ್ಡ್ ಪ್ರಯೋಗ ಇನ್ನೊಂದು ಆಘಾತ ನೀಡಿತು: ಸಕ್ಕರೆಯನ್ನು ಬಿಗಿಯಾಗಿ ಇಳಿಸಿದ ಗುಂಪಿನಲ್ಲಿಯೇ ಸಾವು ಹೆಚ್ಚಾಗಿ, ಆ ಚಿಕಿತ್ಸಾಕ್ರಮವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಹೊಸ ಮಧುಮೇಹ ಔಷಧಗಳು ಹೃದಯಕ್ಕೆ ಅಪಾಯ ತರುವುದಿಲ್ಲವೆಂದು ಸಾಬೀತುಪಡಿಸಬೇಕೆಂದು ಕೇಳಿತು.

ಸುರಕ್ಷತೆಯನ್ನು ಪರೀಕ್ಷಿಸಲು ಹೊರಟ ಪ್ರಯೋಗಗಳಲ್ಲಿ ಅನಿರೀಕ್ಷಿತವಾಗಿ ರಕ್ಷಣೆಯೇ ಕಂಡಿತು. ಮೊದಲೇ ಹೃದ್ರೋಗ ಅಥವಾ ರಕ್ತನಾಳದ ಕಾಯಿಲೆಯಿದ್ದ 7,020 ಮಂದಿಯ ಮೇಲೆ ನಡೆದ ಎಂಪಾಗ್ಲಿಫ್ಲೋಜಿನ್ ಪ್ರಯೋಗದಲ್ಲಿ (2015) ಹೃದಯ ಸಂಬಂಧಿ ಸಾವು ಶೇ. 38ರಷ್ಟು, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು ಶೇ. 35ರಷ್ಟು ಕಡಿಮೆಯಾದವು. ಎರಡು ಗುಂಪುಗಳ ಸಕ್ಕರೆಯ ಮಟ್ಟದಲ್ಲಿದ್ದ ಅಂತರ ಅಲ್ಪ. ಲಾಭ ಕಾಣಿಸಿಕೊಂಡದ್ದು ಕೆಲವೇ ತಿಂಗಳಲ್ಲಿ. ಹೃದಯಾಘಾತ, ಪಾರ್ಶ್ವವಾಯುಗಳು ಮಾತ್ರ ಗಣನೀಯವಾಗಿ ಇಳಿಯಲಿಲ್ಲ. ಆದ್ದರಿಂದ ಈ ಲಾಭವನ್ನು ಸಕ್ಕರೆಯ ಇಳಿಕೆಗೆ ಆರೋಪಿಸುವುದು ಕಷ್ಟ. ಮೂತ್ರಪಿಂಡವು ಸೋಸಿದ ಸಕ್ಕರೆ ಮತ್ತು ಸೋಡಿಯಂ ರಕ್ತಕ್ಕೆ ಮರಳದಂತೆ ಈ ಔಷಧ ತಡೆಯುತ್ತದೆ. ಎರಡೂ ಮೂತ್ರದಲ್ಲಿ ಹೋಗುವಾಗ ನೀರನ್ನೂ ಒಯ್ಯುತ್ತವೆ. ರಕ್ತದೊತ್ತಡ ತುಸು ತಗ್ಗಿ, ಹೃದಯದ ಹೊರೆ ಇಳಿಯುತ್ತದೆ. ಇದೇ ವರ್ಗದ ಡಾಪಾಗ್ಲಿಫ್ಲೋಜಿನ್ ಮಧುಮೇಹವೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಯಿತೆಂಬ 2019ರ ಫಲಿತಾಂಶ ಈ ವಾದಕ್ಕೆ ಬಲವಾದ ಆಧಾರ.

ಇನ್ನೊಂದು ಹೊಸ ಔಷಧವಾದ ಲಿರಾಗ್ಲುಟೈಡ್‌ನ ದಾರಿ ಬೇರೆ. 9,340 ಮಂದಿಯ ಪ್ರಯೋಗದಲ್ಲಿ (2016) ಹೃದಯ ಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಪ್ರಮಾಣ ಹುಸಿ ಔಷಧ ಪಡೆದ ಗುಂಪಿನ ಶೇ. 14.9ರ ಬದಲು ಶೇ. 13ಕ್ಕೆ ನಿಂತಿತು. ಲಾಭ ನಿಧಾನವಾಗಿ ಮೈದೋರಿದ್ದು, ಅಪಧಮನಿಗಳಲ್ಲಿ ಕೊಬ್ಬು ಕಟ್ಟುವ ಕ್ರಿಯೆ ತಗ್ಗುತ್ತದೆಂಬ ಊಹೆಗೆ ಹೊಂದುತ್ತದೆ.

ಎಲ್ಲ ಹೊಸ ಔಷಧಗಳೂ ಹೀಗಿಲ್ಲ. ಸಿಟಾಗ್ಲಿಪ್ಟಿನ್ ಹೃದಯಕ್ಕೆ ಒಳಿತನ್ನೂ ಕೆಡುಕನ್ನೂ ಮಾಡಲಿಲ್ಲ. ಅದೇ ವರ್ಗದ ಸ್ಯಾಕ್ಸಾಗ್ಲಿಪ್ಟಿನ್ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ಶೇ. 27ರಷ್ಟು ಹೆಚ್ಚಿಸಿತು. ರೋಸಿಗ್ಲಿಟಜೋನ್ ವರ್ಗದ ಪಯೋಗ್ಲಿಟಜೋನ್ ದೇಹದಲ್ಲಿ ನೀರು ನಿಲ್ಲಿಸುವುದರಿಂದ ದುರ್ಬಲ ಹೃದಯದವರಿಗೆ ಸಲ್ಲದು. ಎಂಪಾಗ್ಲಿಫ್ಲೋಜಿನ್ ವರ್ಗಕ್ಕೂ ಜನನಾಂಗದ ಶಿಲೀಂಧ್ರ ಸೋಂಕು ಮತ್ತು ವಿರಳವಾದರೂ ಅಪಾಯಕರವಾದ ಕೀಟೋಆಸಿಡೋಸಿಸ್‌ನ (ರಕ್ತ ಆಮ್ಲೀಯವಾಗುವ ಸ್ಥಿತಿ) ಭಯವಿದೆ. ಸಕ್ಕರೆ ಹೆಚ್ಚು ಏರದೆಯೂ ಅದು ಬರಬಹುದಾದ್ದರಿಂದ ಉಪವಾಸ ಹಾಗೂ ಶಸ್ತ್ರಚಿಕಿತ್ಸೆಯ ಸಂದರ್ಭಗಳಲ್ಲಿ ವಿಶೇಷ ಎಚ್ಚರ ಬೇಕು.