ವಾಕಿಟಾಕಿ: ಸಿಮ್ ಬೇಡ, ನೆಟ್‌ವರ್ಕ್ ಬೇಡ, 50 ಕಿಲೋಮೀಟರ್ ಮಾತಾಡಬಹುದು ಎಂಬುದು ನಿಜವೇ?

“ಸಿಮ್ ಬೇಡ, ರೀಚಾರ್ಜ್ ಬೇಡ, ಲೈಸೆನ್ಸ್ ಬೇಡ. ಹಳ್ಳಿಯಿಂದ ತಾಲ್ಲೂಕಿಗೆ ಉಚಿತವಾಗಿ ಮಾತಾಡಿ.” ವಾಕಿಟಾಕಿ ಮಾರುವವರ ಜಾಹೀರಾತುಗಳು, ವಿಡಿಯೋಗಳು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತವೆ. ಹೊಲದಲ್ಲಿ ಮೊಬೈಲ್ ಸಿಗ್ನಲ್ ಸಿಗದವರಿಗೆ, ಹೊಳೆ ಬಂದಾಗ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಹೋಗುವ ಊರಿನವರಿಗೆ ಇದು ಆಸೆ ಹುಟ್ಟಿಸುವ ಮಾತು. ಇದರಲ್ಲಿ ನಿಜ ಎಷ್ಟು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನೆಲದ ಮೇಲೆ ಇಟ್ಟು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಸಿಮ್ ಮತ್ತು ಟವರ್ ಬೇಡ ಎಂಬುದು ನಿಜ. 50 ಕಿಲೋಮೀಟರ್ ಎಂಬುದು ನೆಲದ ಮೇಲೆ ನಿಂತು ಮಾತಾಡುವವರಿಗೆ ಸುಳ್ಳು. ಲೈಸೆನ್ಸ್ ಬೇಡ ಎಂಬುದು ಒಂದು ಬಗೆಯ ಸೆಟ್‌ಗೆ ಮಾತ್ರ ನಿಜ. ಅಗ್ಗವಾಗಿ ಸಿಗುವ, ಹೆಚ್ಚು ಶಕ್ತಿಯ ಬಹಳಷ್ಟು ಸೆಟ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ವಾಕಿಟಾಕಿ ಕೆಲಸ ಮಾಡುವುದು ಹೇಗೆ?

ಮೊಬೈಲ್ ಫೋನು ನಿಮ್ಮ ಮಾತನ್ನು ಹತ್ತಿರದ ಟವರ್‌ಗೆ ಕಳಿಸುತ್ತದೆ. ಅಲ್ಲಿಂದ ಮುಂದೆ ಅದು ಕೇಬಲ್ ಮತ್ತು ಇತರ ಟವರ್‌ಗಳ ಮೂಲಕ ಸಾಗುತ್ತದೆ. ಮುದ್ದೇಬಿಹಾಳದಿಂದ ಮುಂಬೈಗೆ ಮಾತಾಡಿದರೂ ನಿಮ್ಮ ಫೋನಿನ ಅಲೆ ಹೋಗುವುದು ಕೆಲವೇ ಕಿಲೋಮೀಟರ್. ವಾಕಿಟಾಕಿಯಲ್ಲಿ ನಡುವೆ ಯಾರೂ ಇಲ್ಲ. ಒಂದು ಸೆಟ್‌ನ ಆಂಟೆನಾದಿಂದ ಹೊರಟ ಅಲೆ ನೇರವಾಗಿ ಇನ್ನೊಂದರ ಆಂಟೆನಾಗೆ ತಲುಪಬೇಕು.

ಇನ್ನೊಂದು ವ್ಯತ್ಯಾಸವಿದೆ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ವಾಕಿಟಾಕಿಯಲ್ಲಿ ಗುಂಡಿ ಒತ್ತಿದಾಗ ನಿಮ್ಮ ಸೆಟ್ ಕಳಿಸುತ್ತದೆ, ಬಿಟ್ಟಾಗ ಕೇಳುತ್ತದೆ. ಎರಡನ್ನೂ ಒಮ್ಮೆಗೇ ಮಾಡುವುದಿಲ್ಲ. ಹಾಗಾಗಿ ಸರದಿಯಂತೆ ಮಾತಾಡಬೇಕು.

50 ಕಿಲೋಮೀಟರ್ ಏಕೆ ಆಗುವುದಿಲ್ಲ?

ಕೈಯಲ್ಲಿ ಹಿಡಿಯುವ ಸೆಟ್‌ಗಳ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಭೂಮಿ ಗುಂಡಗಿದೆ. ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಇದಕ್ಕೊಂದು ಸರಳ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಕಾಣುವ ಅಂಚು ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಎರಡೂ ಸೆಟ್‌ಗಳ ಲೆಕ್ಕವನ್ನು ಕೂಡಿಸಬೇಕು.

ನೆಲದ ಮೇಲೆ ನಿಂತವರ ಕೈಯಲ್ಲಿ ಆಂಟೆನಾ ಸುಮಾರು 1.5 ಮೀಟರ್ ಎತ್ತರದಲ್ಲಿರುತ್ತದೆ. ಅಂಚು 5 ಕಿಲೋಮೀಟರ್. ಇಬ್ಬರೂ ನಿಂತಿದ್ದರೆ 10. ಒಬ್ಬರು 9 ಮೀಟರ್ ಎತ್ತರದ ಮಾಳಿಗೆ ಏರಿದರೆ ಇಬ್ಬರ ನಡುವೆ ಸುಮಾರು 17. ಗೋಲಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ನೆತ್ತಿಯ ಎತ್ತರದಿಂದ ಮಾತಾಡಿದರೂ ನೆಲದ ಮೇಲಿನವರ ಜೊತೆ ಲೆಕ್ಕ ನಿಲ್ಲುವುದು 34 ಕಿಲೋಮೀಟರ್‌ಗೆ. ವಿಜಯಪುರದಿಂದ ಬಸವನ ಬಾಗೇವಾಡಿ ಹಕ್ಕಿ ಹಾರುವ ದಾರಿಯಲ್ಲೇ ಸುಮಾರು 40 ಕಿಲೋಮೀಟರ್ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಅದಕ್ಕಿಂತ ದೂರ. ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೊಂದು ಹತ್ತಿರ ಇರುವ ಬಾಗೇವಾಡಿ, ಮುದ್ದೇಬಿಹಾಳದ ನಡುವೆಯೂ ಸುಮಾರು 30 ಕಿಲೋಮೀಟರ್ ಅಂತರವಿದೆ.

ಇದು ನೆಲ ಸಪಾಟಾಗಿದೆ, ನಡುವೆ ಏನೂ ಇಲ್ಲ ಎಂದುಕೊಂಡ ಲೆಕ್ಕ. ಏರು, ತಗ್ಗು ಇದ್ದರೆ ಅದು ಹೆಚ್ಚು ಕಡಿಮೆ ಆಗುತ್ತದೆ. ಗಿಡ, ಗೋಡೆ ಬಂದರೆ ಕಡಿಮೆಯೇ ಆಗುತ್ತದೆ. ಆಳೆತ್ತರ ಮೀರಿದ ಕಬ್ಬಿನ ಗದ್ದೆಯಲ್ಲಿ ಹಸಿ ಎಲೆಗಳು ಅಲೆಯನ್ನು ಹೀರುತ್ತವೆ. ಪತ್ರಾಸಿನ ಶೆಡ್ ಮತ್ತು ಟ್ರ್ಯಾಕ್ಟರ್ ಕ್ಯಾಬಿನ್‌ನ ಲೋಹ ಅಲೆಯನ್ನು ತಡೆಯುತ್ತವೆ. ಲೈಸೆನ್ಸ್ ಬೇಡದ ಸಣ್ಣ ಸೆಟ್ ಊರೊಳಗೆ ಅರ್ಧದಿಂದ ಒಂದು ಕಿಲೋಮೀಟರ್, ಬಯಲು ಎರೆ ಹೊಲದಲ್ಲಿ ಎರಡು-ಮೂರು ಕಿಲೋಮೀಟರ್ ಕೊಟ್ಟರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ.

ಹಾಗಾದರೆ ಜಾಹೀರಾತಿನವರು ನೂರಾರು ಕಿಲೋಮೀಟರ್ ಎಂದು ತೋರಿಸುವ ವಿಡಿಯೋಗಳೆಲ್ಲ ನಕಲಿಯೇ? ಎಲ್ಲವೂ ಅಲ್ಲ. ಹ್ಯಾಮ್ ರೇಡಿಯೋ ಹವ್ಯಾಸಿಗಳು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜೊತೆ 5 ವ್ಯಾಟ್ ಸೆಟ್‌ನಲ್ಲೇ ಸಂಪರ್ಕ ಮಾಡಿದ್ದಾರೆ. ಕಾರಣ, ನಡುವೆ ಅಡ್ಡಿ ಇಲ್ಲ. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೂ ದೂರ ಹೋಗುತ್ತದೆ. ದೂರವನ್ನು ತೀರ್ಮಾನಿಸುವುದು ಮೊದಲು ಎತ್ತರ ಮತ್ತು ಅಡ್ಡಿ, ಆಮೇಲೆ ವ್ಯಾಟ್.

ಪೊಲೀಸರ ವಾಕಿಟಾಕಿ ಊರೂರು ಕೇಳುತ್ತದಲ್ಲ ಎಂದು ಕೇಳಬಹುದು. ಅದರ ಹಿಂದೆ ರಿಪೀಟರ್ ಇರುತ್ತದೆ. ಎತ್ತರದ ಕಂಬದ ಮೇಲಿನ ಈ ಯಂತ್ರ ಕೈಸೆಟ್‌ನ ಮಾತನ್ನು ಹಿಡಿದು, ಹೆಚ್ಚು ಶಕ್ತಿಯಿಂದ ಮತ್ತೆ ಬಿತ್ತರಿಸುತ್ತದೆ.

ಲೈಸೆನ್ಸ್ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಭಾರತದಲ್ಲಿ ವೈರ್‌ಲೆಸ್ ಸಾಧನವನ್ನು ಬಳಸುವುದಕ್ಕೆ ಮಾತ್ರವಲ್ಲ, ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು ಎಂಬ ನಿಯಮ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಷ್ಟು ಹಳೆಯದು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಇದೇ ತತ್ವವಿದೆ. ಸರ್ಕಾರ ವಿನಾಯಿತಿ ಕೊಟ್ಟ ಸಾಧನಗಳಿಗೆ ಮಾತ್ರ ಈ ಅನುಮತಿ ಬೇಡ.

ವಾಕಿಟಾಕಿ ಮಟ್ಟಿಗೆ ಮುಖ್ಯ ವಿನಾಯಿತಿ 2018ರ ನಿಯಮಗಳಲ್ಲಿದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ, ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಪ್ರಮಾಣಪತ್ರ ಇರಲೇಬೇಕು. ಇಂಥ ಸೆಟ್‌ಗಳನ್ನು ಯುರೋಪಿನಲ್ಲಿ ಪಿಎಂಆರ್ 446 ಎನ್ನುತ್ತಾರೆ. ಅಲ್ಲಿ ಅರ್ಧ ವ್ಯಾಟ್ ಮಿತಿ, ಆಂಟೆನಾ ಬಿಚ್ಚಲು ಬರುವುದಿಲ್ಲ.

ಈಗ ಅಗ್ಗದ 5 ವ್ಯಾಟ್ ಸೆಟ್ ನೋಡಿ. 136–174 ಮತ್ತು 400–470 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. “446ಕ್ಕೆ ಇಟ್ಟುಕೊಂಡರೆ ಲೈಸೆನ್ಸ್ ಬೇಡ” ಎಂದು ಮಾರುವವರು ಹೇಳಬಹುದು. ಅದು ತಪ್ಪು. ವಿನಾಯಿತಿ ಕಡಿಮೆ ಶಕ್ತಿಯ, ಅನುಮೋದಿತ ಸೆಟ್‌ಗೆ ಇದೆಯೇ ಹೊರತು ಬರೀ ಆ ಸಂಖ್ಯೆಗಲ್ಲ. ಇಂಥ ಸೆಟ್ ಪೊಲೀಸ್, ತುರ್ತು ಸೇವೆ ಮತ್ತಿತರರಿಗೆ ಮೀಸಲಾದ ಅಲೆಗಳ ಮೇಲೆ ಬೀಳಬಹುದು. ಪ್ರವಾಹದ ರಾತ್ರಿ ದೋಣಿ ಕಳಿಸುವವರ ಚಾನೆಲ್‌ನಲ್ಲಿ ನಿಮ್ಮ ಮಾತು ಸೇರಿಕೊಂಡರೆ ಏನಾಗಬಹುದು ಎಂದು ಯೋಚಿಸಿ.

ಇದು ಕಾಗದದ ಮೇಲಿನ ನಿಯಮ ಮಾತ್ರವಲ್ಲ. ಅನುಮತಿಯ ವಿವರ ಹೇಳದೆ ವಾಕಿಟಾಕಿ ಮಾರುತ್ತಿದ್ದುದಕ್ಕೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ 13 ನೋಟಿಸ್ ನೀಡಿತು. ಅದೇ ತಿಂಗಳು ಮಾರ್ಗಸೂಚಿಯೂ ಬಂತು. ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧ ಎಂದರ್ಥವಲ್ಲ.

ಹೆಚ್ಚು ಶಕ್ತಿಯ ರೇಡಿಯೋ ಕಲಿಯುವ ಆಸೆ ಇದ್ದರೆ ಸರಿಯಾದ ದಾರಿ ಹ್ಯಾಮ್ ರೇಡಿಯೋ. 12 ವರ್ಷ ತುಂಬಿದ ಯಾರೇ ಆದರೂ ಪರೀಕ್ಷೆ ಬರೆದು ಲೈಸೆನ್ಸ್ ಮತ್ತು ಸ್ವಂತ ಕರೆ-ಹೆಸರು ಪಡೆಯಬಹುದು. ಆದರೆ ಅದು ಹವ್ಯಾಸ, ಕಲಿಕೆ ಮತ್ತು ತುರ್ತು ಸೇವೆಗೆ. ವ್ಯಾಪಾರಕ್ಕೆ ಬಳಸುವಂತಿಲ್ಲ.

ಕೊಳ್ಳುವ ಮುನ್ನ ಮೂರು ಪ್ರಶ್ನೆ

1. ಯಾವ ಫ್ರೀಕ್ವೆನ್ಸಿ? ಬರೀ 446.0–446.2 ಮೆಗಾಹರ್ಟ್ಸ್ ಇರಬೇಕು.
2. ಇಟಿಎ ಸಂಖ್ಯೆ ಎಲ್ಲಿ? ಮಾದರಿಯ ಹೆಸರಿನ ಸಮೇತ ತೋರಿಸಲಿ. ಬಿಲ್ಲು ತೆಗೆದುಕೊಳ್ಳಿ.
3. ಎಷ್ಟು ವ್ಯಾಟ್? “5 ವ್ಯಾಟ್, ಲೈಸೆನ್ಸ್ ಬೇಡ” ಎಂದರೆ ಅಲ್ಲಿಗೇ ಬಿಡಿ.

ಸೆಟ್ ಸಿದ್ಧ ಮಾಡುವುದು ಹೇಗೆ?

ಮೊದಲು ಎರಡೂ ಸೆಟ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ. ಜೊತೆಗೆ ಬಂದ ಚಾರ್ಜರ್ ಅನ್ನೇ ಬಳಸಿ. ಲೈಸೆನ್ಸ್ ಇರುವವರ ಬಿಚ್ಚುವ ಆಂಟೆನಾದ ಸೆಟ್ ಆದರೆ, ಆಂಟೆನಾ ತಿರುಗಿಸಿ ಬಿಗಿ ಮಾಡದೆ ಮಾತಾಡುವ ಗುಂಡಿ ಒತ್ತಬಾರದು. ಹೊರಹೋಗಬೇಕಾದ ಶಕ್ತಿ ಒಳಗೇ ಮರಳಿ ಸೆಟ್ ಕೆಡಬಹುದು.

ಎರಡರಲ್ಲೂ ಒಂದೇ ಚಾನೆಲ್ ಇಡಿ. ಆಮೇಲೆ ಟೋನ್ ನೋಡಿ. ಇದಕ್ಕೆ ಸಿಟಿಸಿಎಸ್ಎಸ್ ಅಥವಾ “ಪ್ರೈವಸಿ ಕೋಡ್” ಎಂಬ ಹೆಸರಿರುತ್ತದೆ. ಎರಡೂ ಸೆಟ್‌ಗಳಲ್ಲಿ ಇದು ಒಂದೇ ಇರಬೇಕು, ಇಲ್ಲವೇ ಎರಡರಲ್ಲೂ ಬಂದ್ ಇರಬೇಕು. “ಲೈಟ್ ಹತ್ತುತ್ತದೆ, ದನಿ ಬರುವುದಿಲ್ಲ” ಎಂಬ ದೂರಿಗೆ ಬಹಳ ಸಲ ಕಾರಣ ಟೋನ್ ಹೊಂದದಿರುವುದು.

ಸ್ಕ್ವೆಲ್ಚ್ ಎಂಬುದು ಖಾಲಿ ಇರುವಾಗಿನ ಗುಯ್ ಎನ್ನುವ ಸದ್ದನ್ನು ತಡೆಯುವ ಬಾಗಿಲು. ಜಾಸ್ತಿ ಇಟ್ಟರೆ ದೂರದ ಸಣ್ಣ ದನಿಯೂ ಹೊರಗೇ ಉಳಿಯುತ್ತದೆ. ಸದ್ದು ನಿಲ್ಲುವಷ್ಟು ಮಾತ್ರ ಇಡಿ. ದನಿಗೆ ತಾನೇ ಚಾಲೂ ಆಗುವ ವಾಕ್ಸ್ ಸೌಲಭ್ಯವನ್ನು ಬಂದ್ ಮಾಡಿ. ಇಲ್ಲದಿದ್ದರೆ ಮೋಟಾರಿನ ಸದ್ದಿಗೂ ಸೆಟ್ ಕಳಿಸಲು ಶುರು ಮಾಡುತ್ತದೆ. ಕೊನೆಗೆ ಕೀಲಿಗಳನ್ನು ಲಾಕ್ ಮಾಡಿ. ಜೇಬಿನಲ್ಲಿ ಚಾನೆಲ್ ಬದಲಾಗುವುದು ತಪ್ಪುತ್ತದೆ.

ಮಾತಾಡುವ ಕ್ರಮ

ಮೊದಲು ಕೇಳಿ. ಚಾನೆಲ್‌ನಲ್ಲಿ ಬೇರೆಯವರು ಇದ್ದರೆ ಕಾಯಿರಿ. ಗುಂಡಿ ಒತ್ತಿ, ಒಂದು ಕ್ಷಣ ಬಿಟ್ಟು ಮಾತು ಶುರು ಮಾಡಿ. ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಸೆಟ್ ಅನ್ನು ನೆಟ್ಟಗೆ, ಬಾಯಿಂದ ಮೂರ್ನಾಲ್ಕು ಬೆರಳು ದೂರ ಹಿಡಿಯಿರಿ. ಕೂಗಬೇಡಿ, ಕೂಗಿದರೆ ದನಿ ಒಡೆಯುತ್ತದೆ. ಮೊದಲು ಕರೆಯುವವರ ಹೆಸರು, ಆಮೇಲೆ ನಿಮ್ಮದು:

“ತ್ವಾಟದ ಮನಿ, ತ್ವಾಟದ ಮನಿ, ನಾ ಹೊಳಿ ದಂಡಿಯಿಂದ ಮಾತಾಡಾಕತ್ತೀನಿ. ಓವರ್.”
“ಹೇಳ್ರಿ ಕಾಕಾ, ಕೇಳಾಕತ್ತೈತಿ. ಓವರ್.”
“ನೀರು ಒಡ್ಡಿನ ತನಕ ಬಂದೈತಿ. ಮೋಟ್ರ ಬಂದ್ ಮಾಡಿ ದನಾ ಮ್ಯಾಲ ಹೊಡಿ. ಓವರ್.”
“ಮೋಟ್ರ ಬಂದ್, ದನಾ ಮ್ಯಾಲ. ತಿಳೀತ್ರಿ. ಓವರ್.”
“ಹೌದು. ಔಟ್.”

ಕೇಳಿದ್ದನ್ನು ಮರಳಿ ಹೇಳಿದ್ದನ್ನು ಗಮನಿಸಿ. ತುರ್ತು ಸಂದರ್ಭದಲ್ಲಿ ತಪ್ಪು ತಿಳಿವಳಿಕೆ ತಪ್ಪಿಸುವುದು ಇದೇ. ಸಿನಿಮಾದ “ಓವರ್ ಅಂಡ್ ಔಟ್” ಅರ್ಥವಿಲ್ಲದ ಜೋಡಿ. ಓವರ್ ಎಂದರೆ ನನ್ನದು ಮುಗಿಯಿತು, ನೀವು ಹೇಳಿ. ಔಟ್ ಎಂದರೆ ಮಾತೇ ಮುಗಿಯಿತು.

ದನಿ ಕತ್ತರಿಸುತ್ತಿದ್ದರೆ ಒಡ್ಡು ಅಥವಾ ಮಾಳಿಗೆ ಏರಿ. ಏರಲಾಗದಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಮೋಡ ಗುಡುಗುವಾಗ ಮಾತ್ರ ಎತ್ತರಕ್ಕೂ ಬಯಲಿಗೂ ಹೋಗಬೇಡಿ.

ಇನ್ನೂ ಕೆಲವು ತಪ್ಪು ನಂಬಿಕೆಗಳು

“ಪ್ರೈವಸಿ ಕೋಡ್ ಹಾಕಿದರೆ ಯಾರೂ ಕೇಳಲಾರರು.” ತಪ್ಪು. ಕೋಡ್ ಬೇರೆಯವರ ಮಾತು ನಿಮ್ಮ ಕಿವಿಗೆ ಬೀಳದಂತೆ ಮಾಡುತ್ತದೆ, ಅಷ್ಟೇ. ಕೋಡ್ ಬಂದ್ ಮಾಡಿದ ಸೆಟ್‌ನಲ್ಲಿ ಯಾರು ಬೇಕಾದರೂ ನಿಮ್ಮ ಮಾತು ಕೇಳಬಹುದು. ಹಣ, ಒಟಿಪಿ, ಮನೆಯಲ್ಲಿ ಯಾರೂ ಇಲ್ಲ ಎಂಬಂಥ ವಿಷಯ ಹೇಳಬೇಡಿ.

“ಈ ಆ್ಯಪ್ ಹಾಕಿದರೆ ನೆಟ್‌ವರ್ಕ್ ಇಲ್ಲದೆ ಮೊಬೈಲೇ ವಾಕಿಟಾಕಿ.” ಬಹುತೇಕ ವಾಕಿಟಾಕಿ ಆ್ಯಪ್‌ಗಳಿಗೆ ಇಂಟರ್‌ನೆಟ್ ಬೇಕೇ ಬೇಕು. ಬ್ಲೂಟೂತ್ ಮೇಲೆ ನಡೆಯುವ ಆ್ಯಪ್‌ಗಳಿವೆ. ಆದರೆ ಒಂದು ಫೋನಿನಿಂದ ಇನ್ನೊಂದಕ್ಕೆ ಅವುಗಳ ಅಲೆ ಮುಟ್ಟುವುದು ಸಾಮಾನ್ಯವಾಗಿ ಕೆಲವೇ ಹತ್ತು ಮೀಟರ್.

“ವಾಕಿಟಾಕಿ ಹಿಡಿದರೆ ಕ್ಯಾನ್ಸರ್.” ಇದರ ಅಲೆಗಳು ಎಕ್ಸ್-ರೇಯಂತೆ ವಂಶವಾಹಿಯನ್ನು ಮುರಿಯುವಷ್ಟು ಬಲದವಲ್ಲ. ಹೆಚ್ಚಾದರೆ ಆಗುವ ತಿಳಿದ ಪರಿಣಾಮ ಅಂಗಾಂಶ ಬಿಸಿಯಾಗುವುದು. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್; ಅರ್ಧ ವ್ಯಾಟ್ ಸೆಟ್ ಅದಕ್ಕಿಂತ ಹೆಚ್ಚು, ಆದರೆ ಗುಂಡಿ ಒತ್ತಿದಾಗ ಮಾತ್ರ. ಮುಖದಿಂದ ತುಸು ದೂರ ಹಿಡಿದು ಚುಟುಕಾಗಿ ಮಾತಾಡಿದರೆ ಸಾಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸೆಟ್ ಅನ್ನು ಎದೆ ಜೇಬಿನಲ್ಲಿ ಇಡದೆ, ಕನಿಷ್ಠ ಗೇಣು ದೂರದಲ್ಲಿಟ್ಟುಕೊಳ್ಳಲಿ.

ಪ್ರವಾಹದಲ್ಲಿ ಇದನ್ನು ನಂಬಬಹುದೇ?

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಕಡೆಯ ಮಳೆ ಮತ್ತು ಜಲಾಶಯಗಳಿಂದ ಬಿಟ್ಟ ನೀರಿಗೆ ಭೀಮಾ ಉಕ್ಕಿ, ಇಂಡಿ, ಸಿಂದಗಿ ಭಾಗದ ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ದಕ್ಷಿಣದಲ್ಲಿ ಮುದ್ದೇಬಿಹಾಳದ ಕಡೆ ಕೃಷ್ಣೆ ಇದ್ದಾಳೆ. ನಡುವೆ ಡೋಣಿ. ಇಂಥ ಹೊತ್ತಿನಲ್ಲಿ ವಾಕಿಟಾಕಿ ಒಂದು ಕೆಲಸಕ್ಕೆ ಚೆನ್ನಾಗಿ ಬರುತ್ತದೆ: ಒಂದೇ ಊರಿನಲ್ಲಿ, ತೋಟದ ಮನೆಗೂ ಊರ ಮನೆಗೂ ನಡುವೆ, ಗುಡಿಯ ಕಟ್ಟೆಗೂ ಹೊಳೆ ದಂಡೆಗೂ ನಡುವೆ ಸುದ್ದಿ ಮುಟ್ಟಿಸಲು. ಜಾತ್ರೆಯಲ್ಲಿ ಜನ ಸಂಭಾಳಿಸುವ ಸ್ವಯಂಸೇವಕರಿಗೂ ಅಷ್ಟೇ.

ತಾಲ್ಲೂಕು ಕೇಂದ್ರದಿಂದ ನೆರವು ಕರೆಯಲು ಇದು ಬರುವುದಿಲ್ಲ. ಅದಕ್ಕೆ ತುರ್ತು ಸಂಖ್ಯೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಇವೆ. ಊರಿನಲ್ಲಿ ಎಲ್ಲಿ ನಿಂತರೆ ಫೋನಿಗೆ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿ ಒಬ್ಬರು ಫೋನು ಮತ್ತು ವಾಕಿಟಾಕಿ ಎರಡನ್ನೂ ಹಿಡಿದು ಕೂತರೆ, ದಂಡೆಯ ಸುದ್ದಿ ಅವರ ಮೂಲಕ ಹೊರಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಇಬ್ಬರು ಸೇರಿ ಪರೀಕ್ಷೆ ಮಾಡಿ. ಒಬ್ಬರು ಮನೆಯಲ್ಲಿ ನಿಲ್ಲಿ, ಇನ್ನೊಬ್ಬರು ಹೊಳೆಯ ಕಡೆ ನಡೆಯುತ್ತ ಹೋಗಿ. ಮಾತು ಎಲ್ಲಿ ಕತ್ತರಿಸುತ್ತದೆ, ಎಲ್ಲಿ ಸ್ಪಷ್ಟ ಎಂದು ಬರೆದಿಡಿ. ಬೆಳೆ ಎತ್ತರ ಬಂದ ಮೇಲೆ ಇನ್ನೊಮ್ಮೆ ನೋಡಿ. ನಿಮ್ಮ ಸೆಟ್‌ನ ನಿಜವಾದ ದೂರ ಅದೇ.

ಬಿಸಿಲಲ್ಲಿ ನಿಂತ ಗಾಡಿಯೊಳಗೆ ಸೆಟ್ ಬಿಡಬೇಡಿ, ಲಿಥಿಯಂ ಬ್ಯಾಟರಿ ಬೇಗ ಸಾಯುತ್ತದೆ. ಉಬ್ಬಿದ ಬ್ಯಾಟರಿ ಚಾರ್ಜ್‌ಗೆ ಹಾಕಲೇಬೇಡಿ. ಬಳಸದಿದ್ದರೂ ಎರಡು ತಿಂಗಳಿಗೊಮ್ಮೆ ಚಾರ್ಜ್ ನೋಡಿ.

ಫಾರ್ವರ್ಡ್ ಮಾಡುವ ಮುನ್ನ

“50 ಕಿಲೋಮೀಟರ್, ಲೈಸೆನ್ಸ್ ಬೇಡ” ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಇಷ್ಟು ಉತ್ತರ ಸಾಕು: ಲೈಸೆನ್ಸ್ ಬೇಡದ ಸೆಟ್ ಹೆಚ್ಚೆಂದರೆ ಎರಡು-ಮೂರು ಕಿಲೋಮೀಟರ್. 446 ಮತ್ತು ಇಟಿಎ ನೋಡಿ ಕೊಳ್ಳಿ. 5 ವ್ಯಾಟ್ ಸೆಟ್ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹೊಳೆ ಬಂದರೆ ಮೊದಲು 112.